ತೊಗರಿಗೆ ಬಂದ ರೋಗ, ಅತ್ತಿಗೆ ಬಂದ ಹೆಸರು

ನಾಲ್ಕನೇ ಸೆಮಿಸ್ಟರಿನಲ್ಲಿ ‘ಬಯಾಲಜಿ ಫಾರ್ ಇಂಜಿನಿಯರ್ಸ್’ ಬಂದಾಗ ನಮ್ಮ ಕ್ಲಾಸಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಕೋಡ್ ಬರೆಯೋರಿಗೆ ಇದೆಲ್ಲ ಯಾಕೆ? ಪಾಸಾದರೆ ಸಾಕು ಅಂತ ನಾನೂ ಕೂತಿದ್ದೆ. ಸೆಮಿನಾರಿಗೆ ಚೀಟಿ ಎತ್ತಿದಾಗ ಪಕ್ಕದವನಿಗೆ ಕೃತಕ ಕೈ ಬಂತು. ಒಂದು ವಿಡಿಯೊ ಹಾಕಿದರೆ ಹತ್ತು ನಿಮಿಷ ದಾಟಿಹೋಗುತ್ತೆ. ನನಗೆ ಬಂದಿದ್ದು ‘ವೈರಸ್‌ಗಳ ವರ್ಗೀಕರಣ ಮತ್ತು ನಾಮಕರಣ’. ಬರೀ ಲ್ಯಾಟಿನ್ ಹೆಸರುಗಳ ಪಟ್ಟಿ. ಮೇಡಂ ಮೇಲಿಂದ ಒಂದು ಷರತ್ತು ಬೇರೆ ಹಾಕಿದರು: “ಕೊರೊನಾ ಬೇಡ, ಅದನ್ನ ಎಲ್ಲರೂ ಹೇಳ್ತಾರೆ. ನಿಮ್ಮ ಊರ ಕಡೆಯ ಒಂದು ಉದಾಹರಣೆ ತನ್ನಿ.”

ನಮ್ಮ ಊರ ಕಡೆ ಯಾವ ವೈರಸ್ ಇದೆ ಅಂತ ಹಾಸ್ಟೆಲಿನಲ್ಲಿ ಕೂತು ಯೋಚನೆ ಮಾಡಿದೆ. ತಲೆಗೆ ಬಂದಿದ್ದು ಒಂದೇ. ಅದನ್ನು ನೆನೆಯೋಕೆ ನನಗೆ ಇಷ್ಟ ಇರಲಿಲ್ಲ.

ನಮ್ಮ ಹೊಲ ಇರೋದು ಮಸ್ಕಿಯಿಂದ ಲಿಂಗಸೂಗೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಅಮ್ಮನ ತವರು ಸಿಂಧನೂರು ಕಡೆ; ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಬೆಳೀತಾರೆ. ನಮ್ಮದು ಮಳೆ ನಂಬಿದ ಭೂಮಿ. ಸಜ್ಜೆ, ಸೂರ್ಯಕಾಂತಿ, ತೊಗರಿ. ಇದರಲ್ಲಿ ಕೈಗೆ ದುಡ್ಡು ಕೊಡೋದು ತೊಗರಿ. ನನ್ನ ಫೀಸೂ ಅದರದ್ದೇ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಚಲೋ ಆಗಿತ್ತು. ತೊಗರಿ ಎದೆಮಟ ಎದ್ದಿತ್ತು. ದಾರಿಯಲ್ಲಿ ಹೋಗೋರು ನಿಂತು “ಏನ್ ಬೆಳಿರೀ ನಿಮ್ದು!” ಅಂತಿದ್ದರು. ಸೀಗಿ ಹುಣ್ಣಿವಿ ಹೊತ್ತಿಗೆ ಅಕ್ಕಪಕ್ಕದ ಹೊಲದಲ್ಲಿ ಮೊಗ್ಗು ಕಾಣಿಸಿಕೊಂಡವು. ನಮ್ಮ ಹೊಲದಲ್ಲಿ ಮುಕ್ಕಾಲು ಪಾಲು ಗಿಡಗಳಿಗೆ ಬರೀ ಎಲೆ. ಎಲೆಯೂ ಸಣ್ಣವು, ತಿಳಿ ಹಸಿರು ದಟ್ಟ ಹಸಿರು ಕಲೆಕಲೆಯಾಗಿ, ಪೊದೆ ಕಟ್ಟಿದ ಹಾಗೆ. ಒಣಗಲಿಲ್ಲ, ಬಾಡಲಿಲ್ಲ, ಹೂವೂ ಬಿಡಲಿಲ್ಲ. ಇದಕ್ಕೆ ನಮ್ಮ ಕಡೆ ಗೊಡ್ಡು ರೋಗ ಅಂತಾರೆ. ಕೆಲವರು ಬಂಜೆ ರೋಗ ಅಂತಾರೆ. ಕೃಷಿ ಇಲಾಖೆಯವರ ಬಾಯಲ್ಲೂ ಇದೇ ಹೆಸರು.

ಸೀಗಿ ಹುಣ್ಣಿವಿ ಅಂದರೆ ಬೆಳೆ ಬಸಿರಾದ ಹೊತ್ತು. ಭೂತಾಯಿಗೆ ಉಡಿ ತುಂಬಿ, ಹೊಲದ ತುಂಬ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಬಳಗದವರೆಲ್ಲ ಉಣ್ಣೋದು. ಅವತ್ತು ಚರಗದ ಬುಟ್ಟಿ ಹೊತ್ತಿದ್ದು ನನ್ನ ಸೋದರತ್ತಿ. ಅಪ್ಪನಿಗಿಂತ ದೊಡ್ಡವಳು. ಮದುವೆಯಾಗಿ ಏಳು ವರ್ಷ ಮಕ್ಕಳಾಗಲಿಲ್ಲ ಅಂತ ಗಂಡ ಇನ್ನೊಬ್ಬಳನ್ನು ಮಾಡಿಕೊಂಡ ಮೇಲೆ ತವರಿಗೆ ಬಂದವಳು ಇಲ್ಲೇ ಉಳಿದಿದ್ದಳು. ನನ್ನನ್ನು ಎತ್ತಿ ಆಡಿಸಿದ್ದು, ಅ ಆ ಇ ಈ ತಿದ್ದಿಸಿದ್ದು ಎಲ್ಲ ಆಕೆಯೇ. ಪ್ರತಿ ವರ್ಷ ಬಿತ್ತುವಾಗ ಕೂರಿಗೆ ಹಿಂದೆ ನಡೆದು ಬೀಜ ಬಿಡುತ್ತಿದ್ದವಳೂ ಅತ್ತಿಯೇ. ಆಕೆಯ ಕೈಯಲ್ಲಿ ಸಾಲು ತಪ್ಪುತ್ತಿರಲಿಲ್ಲ ಅಂತ ತಾತ ಹೇಳುತ್ತಿದ್ದ.

ಬಳಗದ ಒಬ್ಬ ಹಿರಿ ಹೆಂಗಸು ಹೊಲದೊಳಗೆ ನಾಲ್ಕು ಹೆಜ್ಜೆ ಹೋಗಿ ಬಂದು ಕೇಳಿದರು: “ಬೀಜ ಬಿಟ್ಟಾಕಿ ಯಾರು?”

ಯಾರೂ ಮಾತಾಡಲಿಲ್ಲ.

“ಗೊಡ್ಡಿ ಕೈಲೆ ಬೀಜ ಬಿಡ್ಸಿದ್ರ ಗೊಡ್ಡ ರೋಗ ಬರ್ದ ಇನ್ನೇನ್ ಬರ್ತೈತಿ?”

ಅತ್ತಿ ತಲೆ ಮೇಲಿನ ಬುಟ್ಟಿ ಇಳಿಸಿ ಬದುವಿನ ಮೇಲಿಟ್ಟಳು. ಹೋಗಿ ಬನ್ನಿ ಗಿಡದ ನೆರಳಿಗೆ ಕೂತಳು. ಉಣ್ಣೋಕೆ ಕರೆದರೆ “ಹೊಟ್ಟಿ ಹಸದಿಲ್ಲ” ಅಂದಳು. ಮುಂದಿನ ವರ್ಷದಿಂದ ಕಳೆ ತೆಗೆಯೋಕೆ ಬಂದಳು, ಕೊಯ್ಲಿಗೆ ಬಂದಳು. ಬಿತ್ತೋ ದಿನ ಮಾತ್ರ ಮನೆಯಲ್ಲೇ ಇದ್ದಳು. ಯಾರೂ ಬಾ ಅನ್ನಲೂ ಇಲ್ಲ. ನಾನೂ ಅನ್ನಲಿಲ್ಲ.

ತಾತನ ಸಿಟ್ಟು ಬೇರೆ ಕಡೆ ಇತ್ತು. ಸಿಂಧನೂರಿನಲ್ಲಿ ಬೀಜ ಕೊಟ್ಟ ಅಂಗಡಿಯವನೇ ಮೋಸ ಮಾಡಿದ ಅಂತ. ಅಪ್ಪ ಗೊಬ್ಬರ ಕಡಿಮೆ ಬಿತ್ತು ಅಂತ ತನ್ನನ್ನೇ ಬೈದುಕೊಂಡ. ಹೀಗೆ ಒಂದು ರೋಗಕ್ಕೆ ಮೂರು ಅಪರಾಧಿಗಳು ಸಿಕ್ಕಿದ್ದರು.

ಹಾಸ್ಟೆಲಿನಲ್ಲಿ ಆ ರಾತ್ರಿ ನಾನು ಹುಡುಕಿದ್ದು ಇದನ್ನೇ. ನಾಲ್ಕನೇ ಅಪರಾಧಿ ಸಿಕ್ಕಿತು.

ಈ ರೋಗವನ್ನು ಮೊದಲು ದಾಖಲಿಸಿದ್ದು 1931ರಲ್ಲಿ, ಬಿಹಾರದ ಪೂಸಾದಲ್ಲಿ. ಇಂಗ್ಲಿಷಿನಲ್ಲೂ ಹೆಸರು ಹೆಚ್ಚು ಕಡಿಮೆ ನಮ್ಮದೇ: ಸ್ಟೆರಿಲಿಟಿ ಮೊಸಾಯಿಕ್. ಗೊಡ್ಡುತನ ಮತ್ತು ಎಲೆ ಮೇಲಿನ ಕಲೆ. ಹಸಿರಾಗಿದ್ದೇ ಬೆಳೆ ತಿನ್ನುತ್ತೆ ಅಂತ ಇದಕ್ಕೆ ‘ಹಸಿರು ಪ್ಲೇಗ್’ ಅಂತಲೂ ಕರೆದಿದ್ದಾರೆ. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯೋದು ಒಂದು ನುಸಿ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಉದ್ದ. ಎಲೆಯ ಹಿಂಬದಿಯಲ್ಲಿ ಇರುತ್ತೆ, ಬರಿಗಣ್ಣಿಗೆ ಕಾಣೋದಿಲ್ಲ, ರೆಕ್ಕೆ ಇಲ್ಲ, ಗಾಳಿ ಹಿಡಿದು ಹೊಲದಿಂದ ಹೊಲಕ್ಕೆ ಹೋಗುತ್ತೆ. ಆದರೆ ನುಸಿ ಬರೀ ಹಮಾಲಿ. ಮೂಟೆಯಲ್ಲಿ ಏನಿದೆ ಅನ್ನೋದು ಎಷ್ಟೋ ವರ್ಷ ಯಾರಿಗೂ ಗೊತ್ತಾಗಲಿಲ್ಲ. ವೈರಸ್ ಇರಬೇಕು ಅಂತ ಅಂದಾಜಿತ್ತು, ಗಿಡದಿಂದ ಅದನ್ನು ಬೇರ್ಪಡಿಸಿ ತೆಗೆಯೋದು ಆಗುತ್ತಿರಲಿಲ್ಲ. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಅದು ಕೈಗೆ ಸಿಕ್ಕಿದ್ದು 2000ದ ಆಸುಪಾಸಿನಲ್ಲಿ. ಅಂದರೆ ರೋಗಕ್ಕೆ ಹೆಸರಿಟ್ಟ ಸುಮಾರು 70 ವರ್ಷಕ್ಕೆ.

ಈ ವೈರಸ್ ಬೀಜದಿಂದ ಬರೋದಿಲ್ಲ. ಗೊಬ್ಬರ ಕಡಿಮೆಯಾದರೆ ಬರೋದಿಲ್ಲ. ಬೀಜ ಬಿಟ್ಟ ಕೈಯಿಂದಂತೂ ಬರೋದಿಲ್ಲ. ಹಿಂದಿನ ವರ್ಷ ಕೀಳದೆ ಬಿಟ್ಟ ತೊಗರಿ, ಬದುವಿನ ಮೇಲೆ ಹಿತ್ತಲಲ್ಲಿ ಬೇಸಿಗೆಯಲ್ಲೂ ಹಸಿರಾಗಿ ಉಳಿದ ಗಿಡ, ಅದರ ಮೇಲೆ ಉಳಿದ ನುಸಿ, ಅಲ್ಲಿಂದ ಹೊಸ ಬೆಳೆಗೆ. ತಾತ ಹೇಳಿದ್ದರಲ್ಲಿ ಒಂದು ಎಳೆ ಮಾತ್ರ ನಿಜ ಇತ್ತು. ನಾವು ಹಾಕಿದ್ದು ಮಾರುತಿ ತಳಿ. ಅದು ನೆಟೆ ರೋಗ ತಡೆಯುತ್ತೆ ಅಂತಲೇ ನಮ್ಮ ಕಡೆ ಹೆಸರಾಗಿದ್ದು. ಈ ವೈರಸ್ಸಿಗೆ ಮಾತ್ರ ಬೇಗ ಬೀಳುತ್ತೆ. ಅಂಗಡಿಯವನು ಮೋಸ ಮಾಡಿರಲಿಲ್ಲ.

ಇಷ್ಟು ಸಿಕ್ಕ ಮೇಲೆ ಸೆಮಿನಾರಿನ ವಿಷಯ ನನಗೆ ಲ್ಯಾಟಿನ್ ಪಟ್ಟಿ ಆಗಿ ಉಳಿಯಲಿಲ್ಲ. ಒಂದಕ್ಕೆ ಹೆಸರಿಡೋದು ಅಂದರೆ ಏನು, ಯಾರಿಗೆ ಆ ಹಕ್ಕು, ಹೆಸರು ತಪ್ಪಾದರೆ ಯಾರ ಮೇಲೆ ಬೀಳುತ್ತೆ ಅಂತ ಓದೋಕೆ ಶುರು ಮಾಡಿದೆ.

ಮೊದಲು ತಿಳಿದಿದ್ದು: ರೋಗದ ಹೆಸರು, ವೈರಸ್ಸಿನ ಹೆಸರು, ಪ್ರಭೇದದ ಹೆಸರು ಇವು ಮೂರೂ ಬೇರೆ ಬೇರೆ. 2020ರ ಫೆಬ್ರುವರಿ 11ರಂದು ವಿಶ್ವ ಆರೋಗ್ಯ ಸಂಸ್ಥೆ ರೋಗಕ್ಕೆ ಕೋವಿಡ್-19 ಅಂತ ಹೆಸರಿಟ್ಟಿತು. ಅದೇ ದಿನ ವೈರಸ್ಸಿಗೆ ಸಾರ್ಸ್-ಕೋವ್-2 ಅನ್ನೋ ಹೆಸರು ಬಂತು. ಅದನ್ನು ಇಟ್ಟವರು ಬೇರೆ, ವೈರಸ್ ವರ್ಗೀಕರಣದ ಅಂತಾರಾಷ್ಟ್ರೀಯ ಸಮಿತಿಯ ಒಂದು ತಂಡ. ಐಸಿಟಿವಿ ಅಂತ ಕರೆಯುವ ಈ ಸಮಿತಿ 1966ರಲ್ಲಿ ಹುಟ್ಟಿದ್ದು. ಯಾವ ವೈರಸ್ ಯಾವ ಮನೆತನದ್ದು ಅಂತ ಅಧಿಕೃತವಾಗಿ ಹೇಳೋದು ಇವರೇ.

ಲಕ್ಷಣ ನೋಡಿ ಇಟ್ಟ ಹೆಸರಿಗೂ ಒಳಗಿನ ವಸ್ತುವಿನ ಹೆಸರಿಗೂ ಇರುವ ಅಂತರ ಮಸ್ಕಿಯವರಿಗೆ ಬೇಗ ಅರ್ಥವಾಗುತ್ತೆ. ಶಾಲೆಯಲ್ಲಿದ್ದಾಗ ನಮ್ಮನ್ನು ಅಶೋಕನ ಶಾಸನ ನೋಡೋಕೆ ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದರು. ದೇಶದ ಬೇರೆ ಕಡೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನಿಗೆ ‘ದೇವಾನಾಂಪಿಯ’ ಅನ್ನೋ ಬಿರುದು ಇತ್ತು. ಇವನೇ ಅಶೋಕ ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರಿಗೆ ಮಸ್ಕಿಯ ಬಂಡೆ ಕಣ್ಣಿಗೆ ಬಿತ್ತು. ಅದರಲ್ಲಿ ಬಿರುದಿನ ಜೊತೆ ಅಶೋಕ ಅಂತ ಹೆಸರೇ ಇತ್ತು. ಬಿರುದು ಮತ್ತು ಹೆಸರು ಒಂದೇ ಕಲ್ಲಿನ ಮೇಲೆ ಸಿಕ್ಕಿದ ಮೇಲೆ ಅನುಮಾನ ಮುಗಿಯಿತು. ಗೊಡ್ಡು ರೋಗ ಅನ್ನೋದು ಬಿರುದಿನ ಥರ. ಹೊರಗೆ ಕಂಡಿದ್ದನ್ನು ಹೇಳುತ್ತೆ. ಒಳಗಿರೋದು ಯಾರು ಅಂತ ಪಟಾನ್‌ಚೆರುವಿನ ನಂತರವೇ ಗೊತ್ತಾಗಿದ್ದು.

ಯಾರು ಅಂತ ಗೊತ್ತಾದ ಮೇಲೆ ಯಾರ ಪೈಕಿ ಅಂತ ಕೇಳಬೇಕು. ವೈರಸ್ಸಿನಲ್ಲಿ ಇದನ್ನು ಕೇಳುವ ಸುಲಭದ ದಾರಿ ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಕೊಟ್ಟಿದ್ದು: ಒಳಗೆ ಡಿಎನ್‌ಎ ಇದೆಯೋ ಆರ್‌ಎನ್‌ಎ ಇದೆಯೋ, ಒಂಟಿ ಎಳೆಯೋ ಜೋಡಿಯೋ, ಜೀವಕೋಶ ಅದನ್ನು ನೇರವಾಗಿ ಓದಬಹುದೋ ತಿರುವಿ ಓದಬೇಕೋ. ಇದರ ಮೇಲೆ ಒಟ್ಟು 7 ಗುಂಪು. ಐಸಿಟಿವಿಯ ಮರ ಇನ್ನೂ ದೊಡ್ಡದು, ಅದರಲ್ಲಿ 15 ಮೆಟ್ಟಿಲು. ನಾವು ಫೈಲ್ ಎಕ್ಸ್‌ಟೆನ್ಷನ್ ನೋಡಿ ಫೈಲ್ ಯಾವುದು ಅಂತ ಹೇಳೋ ಹಾಗೆ ಇಲ್ಲಿ ಹೆಸರಿನ ಬಾಲ ನೋಡಿದರೆ ಮೆಟ್ಟಿಲು ಗೊತ್ತಾಗುತ್ತೆ. ‘ವಿರಿಯಾ’ ಅಂದರೆ ಎಲ್ಲಕ್ಕಿಂತ ಮೇಲಿನ ಸಾಮ್ರಾಜ್ಯ, ‘ವಿರಾಲಿಸ್’ ಅಂದರೆ ಗಣ, ‘ವಿರಿಡೇ’ ಅಂದರೆ ಕುಟುಂಬ, ಬರೀ ‘ವೈರಸ್’ ಅಂತ ಮುಗಿದರೆ ಕುಲ.

ಈ ಮರದಲ್ಲಿ ನಮ್ಮ ಕನ್ನಡದ ಹೆಸರುಗಳನ್ನು ಇಟ್ಟು ನೋಡಿದರೆ ತಮಾಷೆಯಾಗಿದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಇದೆ. ಮಕ್ಕಳಿಗೆ ಗದ್ದ ಊದಿಕೊಂಡು ಬರೋದು ಮಂಗನಬಾವು. ಹೆಸರು ನೋಡಿದರೆ ಎರಡೂ ಅಣ್ಣ ತಮ್ಮ. ಮಂಗನಬಾವಿಗೂ ಮಂಗಕ್ಕೂ ಸಂಬಂಧವೇ ಇಲ್ಲ, ಮುಖ ಊದಿ ಮಂಗನ ಹಾಗೆ ಕಾಣುತ್ತೆ ಅಷ್ಟೇ. ಬಾಲ್ಟಿಮೋರ್ ಪ್ರಕಾರ ಮಂಗನ ಕಾಯಿಲೆ ನಾಲ್ಕನೇ ಗುಂಪು, ಡೆಂಗಿ ಜೊತೆ. ಮಂಗನಬಾವು ಐದನೇ ಗುಂಪು. ತೊಗರಿಯ ಗೊಡ್ಡು ರೋಗವೂ ಐದನೇ ಗುಂಪು! ಅಂದರೆ ಮಂಗನಬಾವಿಗೆ ಮಂಗನ ಕಾಯಿಲೆಗಿಂತ ನಮ್ಮ ತೊಗರಿ ರೋಗವೇ ಹತ್ತಿರದ ನೆಂಟ. ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಕೊನೆ ಬೆಂಚಿನವರು ಫೋನ್ ಕೆಳಗಿಟ್ಟರು.

ಮಂಗನ ಕಾಯಿಲೆಯ ಹೆಸರಿನಲ್ಲಿ ಇನ್ನೊಂದು ಅನ್ಯಾಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಊರಿನ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಅದನ್ನು ಹರಡೋದು ಉಣ್ಣೆ ಹುಳ. ಮಂಗ ನಮಗಿಂತ ಮೊದಲು ಸಾಯುವ ಬಡಪಾಯಿ. ಆದರೂ ಹೆಸರು ಅದರ ತಲೆಗೇ. ಇಂಗ್ಲಿಷಿನಲ್ಲಿ ಕ್ಯಾಸನೂರು ಕಾಡಿನ ತಲೆಗೆ. ಈಗಿನ ಪ್ರಭೇದದ ಹೆಸರು ಆರ್ಥೊಫ್ಲಾವಿವೈರಸ್ ಕ್ಯಾಸನೂರೆನ್ಸೆ; ಸೊರಬದ ಹಳ್ಳಿಯೊಂದು ಜಗತ್ತಿನ ಪಟ್ಟಿಯಲ್ಲಿ ಕೂತಿದೆ.

ಮೊದಲು ಇದು ಬರೀ ಫ್ಲಾವಿವೈರಸ್ ಕುಲದಲ್ಲಿತ್ತು, 2023ರಲ್ಲಿ ಕುಲದ ಹೆಸರು ಆರ್ಥೊಫ್ಲಾವಿವೈರಸ್ ಆಯಿತು. ಹೀಗೆ ಯಾಕೆ ಬದಲಾಯಿಸ್ತಾರೆ, ಗೊಂದಲ ಆಗಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಅವನಿಗೆ ನಮ್ಮ ಪಹಣಿ ಕಥೆ ಹೇಳಿದೆ. ಮಸ್ಕಿ ಮೊದಲು ಲಿಂಗಸೂಗೂರು ತಾಲೂಕಿನಲ್ಲಿತ್ತು. ಆಮೇಲೆ ಮಸ್ಕಿಯೇ ತಾಲೂಕಾಯಿತು. ಪಹಣಿಯಲ್ಲಿ ತಾಲೂಕಿನ ಹೆಸರು ಬದಲಾಯಿತು. ಹೊಲ ಒಂದಿಂಚು ಅಲುಗಾಡಲಿಲ್ಲ, ಸರ್ವೆ ನಂಬರ್ ಬದಲಾಗಲಿಲ್ಲ. ವೈರಸ್ಸಿಗೆ ಅದರ ಜೀನೋಮೇ ಸರ್ವೆ ನಂಬರ್. ಮೇಲಿನ ವಿಳಾಸವನ್ನು ತಿಳಿವಳಿಕೆ ಬೆಳೆದ ಹಾಗೆ ತಿದ್ದುತ್ತಾರೆ. ತಿದ್ದಬಹುದು ಅನ್ನೋದೇ ಅದರ ಒಳ್ಳೆಯ ಗುಣ. ಊರಲ್ಲಿ ಬಾಯಿಂದ ಬಾಯಿಗೆ ಬಂದ ಹೆಸರನ್ನು ತಿದ್ದೋಕೆ ಯಾವ ಸಮಿತಿಯೂ ಇಲ್ಲ.

ಹೆಸರು ಜನಕ್ಕೆ ನೋವು ಮಾಡುತ್ತೆ ಅಂತ ವಿಜ್ಞಾನಿಗಳಿಗೂ ಗೊತ್ತು. 1976ರಲ್ಲಿ ಕಾಂಗೋದ ಯಾಂಬುಕು ಅನ್ನೋ ಹಳ್ಳಿಯಲ್ಲಿ ಭಯಂಕರ ಜ್ವರ ಬಂದಾಗ, ಹಳ್ಳಿಯ ಹೆಸರಿಟ್ಟರೆ ಆ ಊರಿಗೆ ಶಾಶ್ವತವಾಗಿ ಕಳಂಕ ಅಂಟುತ್ತೆ ಅಂತ ದೂರದ ಒಂದು ನದಿಯ ಹೆಸರಿಟ್ಟರು: ಎಬೋಲಾ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ನಿಯಮದ ಹಾಗೆ ಬರೆಯಿತು. ಹೊಸ ರೋಗಕ್ಕೆ ಊರು, ವ್ಯಕ್ತಿ, ಪ್ರಾಣಿ, ಜನಾಂಗ, ಉದ್ಯೋಗದ ಹೆಸರು ಇಡಬೇಡಿ, ಭಯ ಹುಟ್ಟಿಸೋ ಪದ ಬೇಡ. ಈ ನಿಯಮ ಮನುಷ್ಯರ ರೋಗಕ್ಕೆ ಮಾತ್ರ. ಬೆಳೆಯ ರೋಗದ ಹೆಸರು ಮನುಷ್ಯರಿಗೆ ತಗಲುತ್ತೆ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ಅವರಲ್ಲಿ ಯಾರೂ ಆ ಸೀಗಿ ಹುಣ್ಣಿವಿಗೆ ನಮ್ಮ ಹೊಲದಲ್ಲಿ ಇರಲಿಲ್ಲವಲ್ಲ.

ಇನ್ನು ನಮ್ಮ ತೊಗರಿ ವೈರಸ್ಸಿನ ಅಧಿಕೃತ ಹೆಸರು. ಜೀನೋಮ್ ಪೂರ್ತಿ ಓದಿದಾಗ ಅದು ಒಂದಲ್ಲ, ಎರಡು ಅಂತ ಗೊತ್ತಾಯಿತು. ಒಂದರಲ್ಲಿ ಆರ್‌ಎನ್‌ಎಯ 5 ತುಂಡು, ಇನ್ನೊಂದರಲ್ಲಿ 6. ಎರಡರದ್ದೂ ಕುಲ ಎಮಾರಾವೈರಸ್. ಯುರೋಪಿನ ಮೌಂಟೆನ್ ಆ್ಯಶ್ ಅನ್ನೋ ಮರದ ಎಲೆ ಮೇಲೆ ಉಂಗುರದ ಕಲೆ ಮಾಡುವ ವೈರಸ್ಸಿನ ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಪದ ಇದು. ಪ್ರಾಜೆಕ್ಟಿಗೆ ನಾವು ಅಕ್ಷರ ಕೂಡಿಸಿ ಹೆಸರು ಕಟ್ಟೋದು ಅವರಿಂದಲೇ ಕಲಿತಿದ್ದೋ ಏನೋ. 2021ರಲ್ಲಿ ಐಸಿಟಿವಿ ಎಲ್ಲ ವೈರಸ್ ಪ್ರಭೇದಕ್ಕೂ ಎರಡೇ ಪದದ ಹೆಸರಿರಬೇಕು ಅಂತ ತೀರ್ಮಾನ ಮಾಡಿತು. ಮೊದಲ ಪದ ಕುಲ, ಎರಡನೆಯದು ಅದರ ಸ್ವಂತ ಹೆಸರು. ಹಾಗಾಗಿ ನಮ್ಮ ಎರಡಕ್ಕೆ ಬಂದ ಹೆಸರು: ಎಮಾರಾವೈರಸ್ ಕಜಾನಿ, ಎಮಾರಾವೈರಸ್ ತೂರ್‌ದಾಲಿ.

ತೂರ್‌ದಾಲಿ. ಹೌದು, ತೊಗರಿ ಬೇಳೆಯೇ. ಸ್ಕ್ರೀನ್ ಮೇಲೆ ಅದನ್ನು ನೋಡಿ ನಾನು ಒಬ್ಬನೇ ಜೋರಾಗಿ ನಕ್ಕೆ, ರೂಮ್‌ಮೇಟ್ ಎದ್ದು ಬೈದ. ಆ ಹೆಸರಿನಲ್ಲಿ ಯಾರ ತಪ್ಪೂ ಇಲ್ಲ. ಯಾರ ಪೈಕಿ ಅಂತ ಮೊದಲ ಪದ ಹೇಳುತ್ತೆ, ಎಲ್ಲಿ ಸಿಗುತ್ತೆ ಅಂತ ಎರಡನೆಯದು. ಯಾರಿಂದ ಬಂತು ಅಂತ ಬೆರಳು ತೋರಿಸೋಕೆ ಅದರಲ್ಲಿ ಜಾಗವೇ ಇಲ್ಲ.

ಸೆಮಿನಾರಿಗೆ ಒಳ್ಳೆ ಮಾರ್ಕ್ಸ್ ಬಂತು. ಅದು ಮುಖ್ಯ ಅಲ್ಲ. ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಅದೇ ಪಿಪಿಟಿಯನ್ನು ಅತ್ತಿಗೆ ತೋರಿಸಿದೆ. ಕಟ್ಟೆ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಆರ್‌ಎನ್‌ಎ ಗುಂಪು ಎಲ್ಲ ಹಾರಿಸಿ ನೇರ ನುಸಿಯ ಫೋಟೊಗೆ ಹೋದೆ. ಸಾವಿರಾರು ಪಟ್ಟು ದೊಡ್ಡದು ಮಾಡಿದ, ಕ್ಯಾರೆಟ್ ಹಾಗೆ ಕಾಣೋ ನುಸಿ. ಇದು ಎಲೆ ಹಿಂದೆ ಇರ್ತೈತಿ, ಗಾಳಿಗೆ ಹಾರಿ ಬರ್ತೈತಿ, ಇದರೊಳಗ ವೈರಸ್ ಇರ್ತೈತಿ, ಬೀಜದಾಗ ಇರಂಗಿಲ್ಲ, ಯಾರು ಬಿತ್ತಿದರೂ ಬರೋದು ಬಂದೇ ಬರ್ತೈತಿ ಅಂತ ಹೇಳಿದೆ. ಕೊನೆಯ ಮಾತು ಹೇಳುವಾಗ ಆಕೆಯ ಮುಖ ನೋಡೋಕೆ ನನಗೆ ಧೈರ್ಯ ಆಗಲಿಲ್ಲ.

ಅತ್ತಿ ಬಹಳ ಹೊತ್ತು ಫೋಟೊ ನೋಡಿದಳು. “ಇದಕ್ಕ ಎಷ್ಟ್ ಕಾಲು?”

“ನಾಕು.”

“ನಾಕ ಕಾಲಿನ ಹುಳ ಹೊತ್ಕೊಂಡ್ ಬಂದಿದ್ದನ್ನ ನನ್ನ ತಲಿ ಮ್ಯಾಲ ಹೊರ್ಸಿದ್ರು.” ಅಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಅಂದಳು: “ಹಂಗಾರ ಅದು ನುಸಿ ರೋಗ ಅನ್ನು. ಗೊಡ್ಡ ರೋಗ ಯಾಕಂತಾರ?”

ನುಸಿ ಪೀಡೆ ಅಂತ ತೆಂಗಿನವರು ಮೊದಲೇ ಇಟ್ಟುಕೊಂಡಿದ್ದಾರೆ. ಆ ನುಸಿಯೂ ಇದರ ದಾಯಾದಿಯೇ, ಆದರೆ ಅದು ವೈರಸ್ ಹೊರೋದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಒಂದೇ ಹೆಸರಿನ ಎರಡು ವೇರಿಯೇಬಲ್. ಹಾಗಂತ ಅತ್ತಿಗೆ ಹೇಳಿದೆ. “ಹಂಗಾರ ತೊಗರಿ ನುಸಿ ರೋಗ” ಅಂತ ತಿದ್ದಿದಳು. ಐಸಿಟಿವಿಯವರು ಇಷ್ಟು ಬೇಗ ತೀರ್ಮಾನ ಮಾಡಿದ್ದು ನಾನು ಓದಿಲ್ಲ.

ಈ ಮುಂಗಾರಿಗೆ ನಾವು ಹಾಕಿದ್ದು ಬಿಎಸ್‌ಎಂಆರ್-736. ಮಹಾರಾಷ್ಟ್ರದ ಬದನಾಪುರದಲ್ಲಿ ಮಾಡಿದ ತಳಿ, ಈ ರೋಗವನ್ನು ತಡೆಯುತ್ತೆ ಅಂತ ಹೆಸರಿನಲ್ಲೇ ಇದೆ. ಬೀಜ ತರೋಕೆ ಅಪ್ಪನ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ನಾನೂ ಹೋಗಿದ್ದೆ. ಮೊದಲು ಬೆಳೆಗೆ ಏನು ರೋಗ ಬಂದಿತ್ತು ಅಂತ ಅಲ್ಲಿದ್ದವರು ಕೇಳಿದರು.

“ತೊಗರಿ ನುಸಿ ರೋಗರೀ” ಅಂದ ಅಪ್ಪ.

“ಅಂದ್ರ? ಗೊಡ್ಡ ರೋಗಾನಾ?”

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. “ಅದೇ ಇರಬೇಕ್ರೀ. ನಮ್ಮ ಮನ್ಯಾಗ ನುಸಿ ರೋಗ ಅಂತೀವಿ.”

ಅವರು ಪುಸ್ತಕದಲ್ಲಿ ಏನು ಬರೆದುಕೊಂಡರೋ ನಾನು ನೋಡಲಿಲ್ಲ. ಬಿತ್ತೋ ದಿನ ಬೆಳಿಗ್ಗೆ ನನಗೆ ಇಂಟರ್ನಲ್ಸ್ ಇತ್ತು. ಮುಗಿಸಿ ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು. ಅತ್ತಿ ಎಲ್ಲಿ ಅಂದೆ.

“ಹೊಲಕ್ಕ ಹೋಗ್ಯಾಳಪ್ಪ. ಕೂರಿಗಿ ಹಿಂದ ನಿಂತಾಳ” ಅಂದಳು.